ಬಾಸಿಂಗದ ಹಲ್ಲಿ, ಬಸುರಿ ಉಂಡಿ

ನಮ್ಮ ಶಿವಲೀಲಾಗೆ ಕೆಲಸ ಸಿಕ್ಕಿದೆ. ಸಿಂದಗಿಯ ಕಾಲೇಜಿನಲ್ಲಿ ಪ್ರಯೋಗಾಲಯದ ಸಹಾಯಕಿ. ಸೋಮವಾರದಿಂದ ಬರಲಿ ಎಂದು ನಿನ್ನೆ ಮಧ್ಯಾಹ್ನ ಪ್ರಿನ್ಸಿಪಾಲರು ತಾವೇ ಹೊರಗೆ ಬಂದು ಹೇಳಿದರು. ನಾನು ಅಲ್ಲೇ ನಿಂತು ನನ್ನ ಕಿವಿಯಾರೆ ಕೇಳಿದೆ. ಕಾಲೇಜಿನ ಗೇಟಿನಿಂದ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಎದುರು ಬಂದವರಿಗೆಲ್ಲ ಹೇಳಿದೆ. ಕಬ್ಬಿನ ಹಾಲಿನ ಗಾಡಿಯವನಿಗೆ ಹೇಳಿದೆ, ಅವನು ಇನ್ನೊಂದು ಗ್ಲಾಸು ಪುಕ್ಕಟೆ ಕೊಟ್ಟ. ಬಸ್ಸಿನ ಕಂಡಕ್ಟರನಿಗೆ ಹೇಳಿದೆ, ಅವನು ನನ್ನ ಆಧಾರ್ ಕಾರ್ಡು ನೋಡುವುದನ್ನೇ ಮರೆತು ನಕ್ಕ. ಶಿವಲೀಲಾ ನನ್ನ ಸೆರಗು ಜಗ್ಗಿ, “ಸಾಕ್ ಬಿಡ ಆಯಿ, ಮಂದಿ ನೋಡಾಕತ್ತಾರ” ಎಂದಳು. ಮಂದಿ ನೋಡಲಿ ಎಂದೇ ನಾನು ಹೇಳುತ್ತಿದ್ದೆ.

ಶಿವಲೀಲಾ ನನ್ನ ಮಗ ಬಸುವಿನ ಹಿರಿಯ ಮಗಳು, ನಾನು ಅವಳ ಆಯಿ, ಅಂದರೆ ಅಜ್ಜಿ. ಅವಳು ಸೇರಲಿರುವ ಕೆಲಸವನ್ನೇ ನಾನು ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ನಿವೃತ್ತಿಯಾಗುವ ತನಕ ಮಾಡಿದೆ. ನಮ್ಮ ಕಾಲದಲ್ಲಿ ಅದಕ್ಕೆ ಅಟೆಂಡರ್ ಎನ್ನುತ್ತಿದ್ದರು. ಅವಳು ಡಿಗ್ರಿ ಮಾಡಿದವಳು, ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು. ಆದರೂ ಬಸ್ಸಿನಲ್ಲಿ ಕುಳಿತಾಗ, “ಆಯಿ, ನೀ ಬಾಯಿಲೆ ಹೇಳೂದನ್ನೆಲ್ಲಾ ಬರದು ಕೊಡು, ನನ್ನಂಗ ಹೊಸದಾಗಿ ಬರೋರಿಗೂ ಬೇಕಾಗ್ತೈತಿ” ಎಂದಳು. ಅದಕ್ಕೇ ಬೆಳಿಗ್ಗೆಯಿಂದ ಬರೆಯುತ್ತಿದ್ದೇನೆ. ಯಾವ ವರ್ಷ ಕಾಯಂ ಆದೆ, ಪಗಾರ ಎಷ್ಟು ಏರಿತು, ಅದೆಲ್ಲ ಯಾರಿಗೂ ಬೇಡ. ಕೆಲಸ ಹೇಗಿತ್ತು ಎನ್ನುವುದನ್ನಷ್ಟೇ ಹೇಳುತ್ತೇನೆ. ಅದನ್ನು ಹೇಳಬೇಕಾದರೆ ಎರಡು ಜೀವಗಳನ್ನು ಹಿಡಿದುಕೊಂಡೇ ಹೇಳಬೇಕು. ನಿನ್ನೆ ನಮ್ಮ ಹುಡುಗಿಯನ್ನು ಗೆಲ್ಲಿಸಿದವೂ ಅವೇ.

ಮೊದಲನೆಯದು ಗಾಜಿನ ಭರಣಿಯಲ್ಲಿತ್ತು. ನಾನು ಕೆಲಸಕ್ಕೆ ಸೇರಿದ ದಿನ ಪ್ರಾಣಿಶಾಸ್ತ್ರದ ಹಿರೇಮಠ ಸರ್ ಕಪಾಟಿನ ಬೀಗ ತೆಗೆದು, ಎಲ್ಲ ಭರಣಿ ಒರೆಸು ಎಂದು ಹೇಳಿ ಕ್ಲಾಸಿಗೆ ಹೋದರು. ಹಾವು, ಚೇಳು, ಮೀನು ಎಲ್ಲ ನಾನು ಕಂಡವೇ. ಮೂಲೆಯಲ್ಲಿದ್ದ ಒಂದು ಮಾತ್ರ ನನ್ನ ಕೈ ತಡೆಯಿತು. ಬಿಳಿಚಿದ ಮೈ, ನಾಲ್ಕು ಕಾಲು, ಉದ್ದ ಬಾಲ, ಅಗಲ ಬಾಯಿ. ಕತ್ತಿನ ಎರಡೂ ಕಡೆಗೆ ಮೂರು ಮೂರು ಟೊಂಗೆ ಎದ್ದು ನಿಂತಿದ್ದವು, ಮದುಮಗನ ಹಣೆಗೆ ಬಾಸಿಂಗ ಕಟ್ಟಿದ ಹಾಗೆ. ಸರ್ ಬಂದಾಗ, “ಈ ಬಾಸಿಂಗದ ಹಲ್ಲಿ ಯಾವೂರದ್ರಿ” ಎಂದು ಕೇಳಿದೆ. ಅವರು ಕುರ್ಚಿ ಹಿಡಿದುಕೊಂಡು ನಕ್ಕರು. ಅದರ ಹೆಸರು ಆಕ್ಸೊಲೊಟ್ಲ್ ಎಂದರು. ನನ್ನ ನಾಲಿಗೆ ಅದನ್ನು ಒಂದು ದಿನವೂ ನೆಟ್ಟಗೆ ಆಡಲಿಲ್ಲ. ಆವತ್ತಿನಿಂದ ಕಾಲೇಜಿನಲ್ಲೂ ನಮ್ಮ ಮನೆಯಲ್ಲೂ ಅದು ಬಾಸಿಂಗದ ಹಲ್ಲಿಯೇ ಆಯಿತು.

ಹಿರೇಮಠ ಸರ್ ಸಿಟ್ಟಿನ ಮನುಷ್ಯ. ಗಾಜು ಒಡೆದರೆ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗುತ್ತಿದ್ದರು. ಆದರೆ ಒಂದು ಜೀವದ ಬಗ್ಗೆ ಕೇಳಿದರೆ ಚಹಾ ಆರಿದರೂ ಹೇಳುತ್ತಲೇ ಇರುವವರು. ಆ ಪ್ರಾಣಿಯ ಬಳಗದ ಉಳಿದವು ಮರಿಯಿದ್ದಾಗ ನೀರಿನಲ್ಲಿರುತ್ತವಂತೆ, ಬೆಳೆದ ಮೇಲೆ ಕಿವಿರು ಉದುರಿಸಿ ದಂಡೆಗೆ ಹತ್ತುತ್ತವಂತೆ. ಇದು ಮಾತ್ರ ಹತ್ತುವುದೇ ಇಲ್ಲ. ವಯಸ್ಸಿಗೆ ಬಂದು, ತತ್ತಿ ಇಟ್ಟು, ಮುಪ್ಪಾದರೂ ಮರಿಯ ರೂಪದಲ್ಲೇ ನೀರಿನಲ್ಲಿ ಉಳಿಯುತ್ತದೆ. ನಾನು ಬಾಸಿಂಗ ಎಂದದ್ದು ಅದರ ಕಿವಿರು. ಕಾಲು ತುಂಡಾದರೆ ಮತ್ತೆ ಎಲುಬು ಸಮೇತ ಚಿಗುರುತ್ತದೆ ಎಂದಾಗ ನಾನು ನಂಬಲಿಲ್ಲ. “ಕಾಲೇನು ಕರಿಬೇವಿನ ಗಿಡದ ಟೊಂಗಿ ಏನ್ರಿ ಸರ್” ಎಂದೆ. ಅವರು ನಗದೆ, ಅದನ್ನೇ ವಿದ್ಯಾರ್ಥಿಗಳಿಗೂ ಕೇಳಲು ಹೇಳು ಎಂದರು.

ಹೊಸಬರಿಗೆ ಇಲ್ಲೊಂದು ಮಾತು. ಭರಣಿಯಲ್ಲಿರುವುದು ಫಾರ್ಮಾಲಿನ್. ಮುಚ್ಚಳ ತೆಗೆಯುವ ಮುಂಚೆ ಕಿಟಕಿ ತೆಗೆಯಿರಿ, ಮುಖ ಹಿಂದಕ್ಕಿರಲಿ. ಕಣ್ಣು ಉರಿದರೆ ಸೆರಗಿನಿಂದ ಉಜ್ಜಬೇಡಿ, ಸೆರಗಿಗೂ ಅದೇ ತಾಗಿರುತ್ತದೆ. ನಾನು ಎಷ್ಟೋ ವರ್ಷ ಉಳ್ಳಾಗಡ್ಡಿ ಹೆಚ್ಚದೆಯೇ ಅತ್ತಿದ್ದೇನೆ.

ಎರಡನೆಯ ಜೀವ ಹೊಂಡದಲ್ಲಿತ್ತು. ನಮ್ಮಲ್ಲಿ ಗೋಡೆಯ ಈ ಕಡೆ ಪ್ರಾಣಿಶಾಸ್ತ್ರ, ಆ ಕಡೆ ಸಸ್ಯಶಾಸ್ತ್ರ, ಎರಡಕ್ಕೂ ನಾನೊಬ್ಬಳೇ. ಆ ಕಡೆಯ ಮೇಡಂ, ನಾವೆಲ್ಲ ಕುಲಕರ್ಣಿ ಬಾಯಾರು ಎನ್ನುತ್ತಿದ್ದವರು, ಮೆಲ್ಲಗೆ ಮಾತಾಡುವವರು, ಆದರೆ ಕೇಳಿದ್ದು ಸಿಗುವ ತನಕ ಬಿಡದವರು. ನನ್ನ ತವರು ಇಂಡಿಯ ಬಳಿಯ ಹಳ್ಳಿ ಎಂದು ತಿಳಿದ ಕೂಡಲೇ, ಅಲ್ಲಿ ನಿಂಬೆ ತೋಟಗಳಲ್ಲಿ ನೀರಿನ ಹೊಂಡ ಇರುತ್ತವಲ್ಲ, ಅಲ್ಲಿಂದ ವಾಲ್ವಾಕ್ಸ್ ಎನ್ನುವ ಸಣ್ಣ ಜೀವ ತಂದು ಕೊಡು ಎಂದರು. ಹಸಿರಾಗಿರುತ್ತದೆ ಎಂದಷ್ಟೇ ಹೇಳಿದ್ದರು. ನಾನು ಹಬ್ಬಕ್ಕೆ ತವರಿಗೆ ಹೋದಾಗ ನಮ್ಮಣ್ಣನ ತೋಟದ ಹೊಂಡಕ್ಕಿಳಿದು, ಎಷ್ಟು ಹಸಿರು ಇತ್ತೋ ಅಷ್ಟನ್ನೂ ಬಾಚಿ ಒಂದು ಬಕೆಟ್ ತುಂಬ ಹಾವಸೆ ತಂದೆ. ಕೂದಲಿನ ಹಾಗೆ ಎಳೆ ಎಳೆಯಾಗಿ ಬರುವ ಪಾಚಿ ಅದು. ಬಾಯಾರು ಬಕೆಟ್ ನೋಡಿ, “ನೀಲವ್ವ, ಇದರಾಗ ಎಮ್ಮಿ ಮೈ ತೊಳೀಬಹುದು” ಎಂದರು. ಅಷ್ಟರಲ್ಲಿ ಅದರ ವಾಸನೆಗೆ ಹಿರೇಮಠ ಸರ್ ಆ ಕಡೆಯ ಬಾಗಿಲು ಹಾಕಿಕೊಂಡಿದ್ದರು.

ಆಮೇಲೆ ಬಾಯಾರು ಸರಿಯಾಗಿ ಕಲಿಸಿದರು. ದಟ್ಟ ಹಸಿರು ಇದ್ದಲ್ಲಿ ಹುಡುಕಬಾರದು. ನೀರು ತಿಳಿಯಾಗಿರಬೇಕು. ಗಾಜಿನ ಬಾಟಲಿಯಲ್ಲಿ ಎತ್ತಿ ಬಿಸಿಲಿಗೆ ಹಿಡಿದರೆ ಸಣ್ಣ ರವೆಯ ಕಾಳಿನಂಥ ಹಸಿರು ಚುಕ್ಕೆಗಳು ತಾವಾಗಿ ಸುತ್ತುತ್ತ ಏರಬೇಕು, ಇಳಿಯಬೇಕು. ಬಾಟಲಿ ಅರ್ಧವಷ್ಟೇ ತುಂಬಬೇಕು, ಮುಚ್ಚಳ ಬಿಗಿಯಬಾರದು, ಸುತ್ತ ಒದ್ದೆ ಬಟ್ಟೆ ಕಟ್ಟಬೇಕು, ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಊರು ಮುಟ್ಟುವುದರೊಳಗೆ ಸಾಯುತ್ತವೆ. ಬಂದ ಮೇಲೆ ಕಿಟಕಿಯ ಬಳಿ ಇಟ್ಟರೆ ಎಲ್ಲವೂ ಬೆಳಕಿನ ಕಡೆಗೆ ಬಂದು ಗುಂಪಾಗುತ್ತವೆ, ಅಲ್ಲಿಂದ ಒಂದು ಹನಿ ತೆಗೆದರೆ ಸಾಕು.

ಎರಡನೇ ಸಲ ತರುವಾಗ ಬಸ್ಸಿನಲ್ಲಿ ನಡೆದದ್ದು ಇವತ್ತಿಗೂ ನಗು ತರಿಸುತ್ತದೆ. ಒದ್ದೆ ಬಟ್ಟೆ ಸುತ್ತಿದ ಬಾಟಲಿಯನ್ನು ತುಳುಕದ ಹಾಗೆ ಎರಡೂ ಕೈಯಲ್ಲಿ ಹಿಡಿದು, ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದಿದ್ದೆ. ಪಕ್ಕದ ಮುದುಕಿ ಬಹಳ ಹೊತ್ತು ನೋಡಿ, ಕಾಲಿನ ಚಪ್ಪಲಿ ಕಳಚಿ, ಬಲಗೈ ಚಾಚಿದಳು. “ಯವ್ವಾ, ಯಾವ ಗುಡಿ ತೀರ್ಥ ಇದು? ನನಗೊಂದ ಹನಿ ಹಾಕು” ಎಂದಳು. ಇದು ತೀರ್ಥವಲ್ಲ, ಹೊಂಡದ ನೀರು ಎಂದೆ. ಅವಳು ನಂಬಲಿಲ್ಲ. ಹೊಂಡದ ನೀರನ್ನು ಯಾರಾದರೂ ಹೀಗೆ ಹಿಡಿದುಕೊಳ್ಳುತ್ತಾರೇನು ಎಂದು ಹಿಂದಿನ ಸೀಟಿನವರಿಗೂ ನನ್ನ ಮೇಲೆ ದೂರು ಹೇಳಿದಳು. ಹಿಂದಿನವರೂ ಕೈ ಚಾಚಿದರು. ಕೊನೆಗೆ ನಾನು ಬಟ್ಟೆ ಬಿಚ್ಚಿ, ಬಾಟಲಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದು, ಒಳಗೆ ಓಡಾಡುವ ಹಸಿರು ಚುಕ್ಕೆ ತೋರಿಸಿದೆ. ಮುದುಕಿ ಕೈ ಹಿಂದಕ್ಕೆಳೆದುಕೊಂಡು, “ಜೀವ ಐತಲ್ಲ ಇದಕ್ಕ” ಎಂದಳು. ವಿಜಯಪುರ ಬರುವ ತನಕ ಆ ಬಸ್ಸಿನಲ್ಲಿ ಬಾಟಲಿ ಕೈಯಿಂದ ಕೈಗೆ ಸುತ್ತಿತು.

ಆ ಹನಿಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಬಾಯಾರು ನನ್ನನ್ನು ಕರೆದರು. “ತಂದಾಕಿ ನೀನು, ನೀನ ನೋಡಲಿಲ್ಲಂದ್ರ ಹೆಂಗವಾ” ಎಂದರು. ಒಂದು ಕಣ್ಣು ಮುಚ್ಚಿ ಬಗ್ಗಿದೆ. ಕಪ್ಪು ಕಪ್ಪು ಕಡ್ಡಿ ಕಂಡವು. ಕಾಲು ಕಂಡವು, ಸಾಲಾಗಿ ಕಾಲು ಅಲುಗಿಸುತ್ತಿದೆ ಎಂದೆ. ಬಾಯಾರು ನನ್ನ ತಲೆ ತುಸು ಮೇಲೆತ್ತಿ, ಅವು ನಿನ್ನ ಕಣ್ಣಿನ ರೆಪ್ಪೆಯ ಕೂದಲು ಎಂದರು. ಹೊಸ ವಿದ್ಯಾರ್ಥಿಗಳು ಇವತ್ತಿಗೂ ಇದನ್ನೇ ಮಾಡುತ್ತಾರೆ, ನಗಬೇಡಿ, ತಲೆ ಎತ್ತಿಸಿ.

ಆಮೇಲೆ ಕಂಡಿತು. ಹಸಿರು ಉಂಡಿ. ಗಾಜಿನಿಂದ ಕಟ್ಟಿದ ಬೂಂದಿ ಉಂಡಿಯ ಹಾಗೆ, ಮೈತುಂಬ ಚುಕ್ಕೆ ಚುಕ್ಕೆ, ನಿಧಾನಕ್ಕೆ ಉರುಳುತ್ತ ಹೋಗುತ್ತಿತ್ತು. ಅದರ ಹೊಟ್ಟೆಯಲ್ಲಿ ಮತ್ತೆ ಸಣ್ಣ ಉಂಡಿಗಳು. ಒಳಗಿನವು ಮಕ್ಕಳು ಎಂದರು ಬಾಯಾರು. ಕೆಲವೊಮ್ಮೆ ಆ ಮಕ್ಕಳ ಹೊಟ್ಟೆಯಲ್ಲೂ ಮೊಮ್ಮಕ್ಕಳು ಕಾಣುತ್ತವಂತೆ. ಮಕ್ಕಳು ಬಲಿತ ಮೇಲೆ ತಾಯಿ ಉಂಡಿ ಒಡೆದು ಅವನ್ನು ಹೊರಗೆ ಬಿಡುತ್ತದೆ, ತಾನು ಮುಗಿಯುತ್ತದೆ. ನಾನು ಅದಕ್ಕೆ ಬಸುರಿ ಉಂಡಿ ಎಂದು ಹೆಸರಿಟ್ಟೆ. ಬಾಯಾರಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ ಕ್ಲಾಸಿನಲ್ಲೂ ಹಾಗೇ ಹೇಳಿದರು.

ಈ ಉಂಡಿಯ ಸಲುವಾಗಿ ಗೋಡೆಯ ಎರಡೂ ಕಡೆ ನಡೆದ ಜಗಳ ಹೊಲದ ಬದುವಿನ ಜಗಳದಂಥದು. ಎರಡೂ ಪಾಠಪುಸ್ತಕದಲ್ಲಿ ಅದು ಇತ್ತು. ಈಜುತ್ತದೆ, ಸಣ್ಣ ಬಾಲದಂಥವನ್ನು ಬಡಿಯುತ್ತದೆ, ಹಾಗಾದರೆ ನಮ್ಮದು ಎನ್ನುವರು ಹಿರೇಮಠ ಸರ್. ಹಸಿರಾಗಿದೆ, ಬಿಸಿಲಿನಿಂದಲೇ ಅಡುಗೆ ಮಾಡಿಕೊಳ್ಳುತ್ತದೆ, ಪಾಚಿಯ ಜಾತಿ, ನಮ್ಮದು ಎನ್ನುವರು ಬಾಯಾರು. ಸ್ಲೈಡಿನ ಡಬ್ಬಿ ಒಮ್ಮೆ ಈ ಕಪಾಟಿನಿಂದ ಮಾಯ, ಒಮ್ಮೆ ಆ ಕಪಾಟಿನಿಂದ ಮಾಯ. ಇಬ್ಬರೂ ನನ್ನನ್ನೇ ಗದರುವರು. ಒಂದು ದಿನ ಇಬ್ಬರ ನಡುವೆ ನಿಲ್ಲಿಸಿ, ನೀನೇ ಹೇಳು, ಯಾರದು ಎಂದು ಸರ್ ಕೇಳಿದರು. “ಇಂಡಿ ಹೊಂಡಕ್ಕ ಇಳದು ತಂದಾಕಿ ನಾನ್ರಿ. ಹಂಗಾರ ಅದು ನಂದು” ಎಂದೆ. ಇಬ್ಬರೂ ನಕ್ಕರು. ಆಮೇಲೆ ಜಗಳವೇನೂ ನಿಲ್ಲಲಿಲ್ಲ, ಆದರೆ ಚಹಾ ಮೂರು ಕಪ್ ಬರತೊಡಗಿತು.

ಮುದ್ದೇಬಿಹಾಳಕ್ಕೆ ಪ್ರಾಯೋಗಿಕ ಪರೀಕ್ಷೆಗೆ ಹೋದದ್ದನ್ನೂ ಹೇಳಬೇಕು. ಅಲ್ಲಿಯ ಕಾಲೇಜಿನಲ್ಲಿ ಬಾಸಿಂಗದ ಹಲ್ಲಿ ಇರಲಿಲ್ಲ, ಎರವಲು ಕೇಳಿದ್ದರು. ಭರಣಿಯನ್ನು ಜೋಳದ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಹೂತು, ಕೂಸು ಹೊತ್ತ ಹಾಗೆ ಹೊತ್ತು ಬಸ್ಸಿನಲ್ಲಿ ಒಯ್ದೆ. ಆಗಿನ ಸೂಕ್ಷ್ಮದರ್ಶಕಕ್ಕೆ ಕನ್ನಡಿ ಇರುತ್ತಿತ್ತು, ಬಿಸಿಲು ಬಿದ್ದರೆ ಮಾತ್ರ ಕಾಣುವುದು. ಬೆಳಿಗ್ಗೆ ನೋಡಿದವರು ಅದರಲ್ಲಿಟ್ಟ ಬಸುರಿ ಉಂಡಿಯ ಚಿತ್ರ ಚಂದ ಬರೆದರು. ಬಿಸಿಲು ಸರಿದ ಮೇಲೆ ಬಂದ ಹುಡುಗನೊಬ್ಬ ಇಡೀ ಹಾಳೆಗೆ ಪೆನ್ಸಿಲಿನಿಂದ ಕಪ್ಪು ಬಳಿದು, ಕೆಳಗೆ ‘ಕಂಡಂತೆ’ ಎಂದು ಬರೆದಿದ್ದ. ಪರೀಕ್ಷೆಗೆ ಬಂದ ಹೊರಗಿನ ಸರ್ ಅದನ್ನು ನೋಡಿ ತಾವೇ ಬಗ್ಗಿ ನೋಡಿದರು, ಅವರಿಗೂ ಕತ್ತಲೆ. ಹುಡುಗ ಸುಳ್ಳು ಬರೆದಿಲ್ಲ ಎಂದು ಇನ್ನೊಂದು ಅವಕಾಶ ಕೊಟ್ಟರು. ಅಲ್ಲಿಂದ ಸಂಜೆಯ ತನಕ ಸೂರ್ಯ ಸರಿದ ಹಾಗೆ ನಾನು ಮೇಜು ಸರಿಸಿದೆ.

ಈಗ ಆ ಕಷ್ಟ ಇಲ್ಲ. ಒಳಗೇ ದೀಪ ಇರುತ್ತದೆ. ಮೇಲೆ ಕ್ಯಾಮೆರಾ ಕೂಡಿಸಿದರೆ ಉಂಡಿ ಟಿವಿಯಲ್ಲಿ ಕುಂಬಳಕಾಯಿಯಷ್ಟು ದೊಡ್ಡದಾಗಿ ಉರುಳುತ್ತದೆ. ಕಪ್ಪೆ ಕೊಯ್ಯುವುದು ನಿಂತಿದೆ, ಒಳ್ಳೆಯದಾಯಿತು. ಕಂಪ್ಯೂಟರಿನಲ್ಲಿ ಕೊಯ್ದು ಮತ್ತೆ ಕೂಡಿಸುತ್ತಾರೆ. ಹಳೆಯದೇ ಚಂದ ಎನ್ನುವವಳು ನಾನಲ್ಲ. ಇವೆಲ್ಲ ಆಗ ಇದ್ದಿದ್ದರೆ ನನ್ನ ಸೊಂಟ ಉಳಿಯುತ್ತಿತ್ತು.

ಇನ್ನು ನಿನ್ನೆಯ ಮಾತು. ಶಿವಲೀಲಾ ಡಿಗ್ರಿ ಮುಗಿಸಿದ ಮೇಲೆ ಕೆಲಸಕ್ಕಾಗಿ ಬಹಳ ಕಡೆ ಸಂದರ್ಶನಕ್ಕೆ ಹೋಗಿ ಬಂದಿದ್ದಳು. ಉತ್ತರ ಗೊತ್ತಿದ್ದರೂ ಮುಂದೆ ಮೂರು ಜನ ಕುಳಿತರೆ ಬಾಯಿ ಒಣಗಿ ಎದ್ದು ಬರುವಳು. ಬಸು ಇಂಡಿಯ ಕಡೆಗೆ ಟೆಂಪೊ ಓಡಿಸುವವನು, ಮಾತು ಕಡಿಮೆ. ಈ ಸಲ ಖಡಾಖಂಡಿತವಾಗಿ ಹೇಳಿದ್ದ. “ಇದ ಕಡೀದು. ಆಗಲಿಲ್ಲಂದ್ರ ನಾಲತವಾಡಕ್ಕ ಹೋಗಿ ನಿಮ್ಮ ಮಾವನ ಸೀರಿ ಅಂಗಡ್ಯಾಗ ಕೂಡು” ಎಂದಿದ್ದ. ಮಾವ ಎಂದರೆ ನನ್ನ ಅಳಿಯ, ಮಗಳು ಕಸ್ತೂರಿಯ ಗಂಡ. ಅಂಗಡಿಯ ಕೆಲಸವೇನೂ ಕೆಟ್ಟದಲ್ಲ. ಆದರೆ ಆ ಹುಡುಗಿ ಸಣ್ಣವಳಿದ್ದಾಗಿನಿಂದ ನನ್ನ ಹಿಂದೆ ಕಾಲೇಜಿಗೆ ಬಂದು ಭರಣಿಗಳ ಮುಂದೆ ಕೂತು ಬೆಳೆದವಳು. ಹಾಗಾಗಿ ನಿನ್ನೆ ನಾನೂ ಜೊತೆಗೆ ಹೋದೆ.

ಒಳಗೆ ಪ್ರಿನ್ಸಿಪಾಲರು, ಒಬ್ಬರು ಪ್ರಾಣಿಶಾಸ್ತ್ರದ ಸರ್, ಒಬ್ಬರು ಸಸ್ಯಶಾಸ್ತ್ರದ ಬಾಯಾರು. ನಾನು ಹೊರಗೆ ಬೆಂಚಿನ ಮೇಲೆ. ಅವಳು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಜೋರಾಗಿ ನಗು ಕೇಳಿಸಿತು, ಗಂಡಸರ ನಗು. ಆಮೇಲೆ ಸದ್ದೇ ಇಲ್ಲ. ಮತ್ತೆ ನಗು, ಈ ಸಲ ಬಾಯಾರದೂ ಕೂಡಿತ್ತು. ಬಾಗಿಲು ತೆರೆದು ಅವಳು ಹೊರಗೆ ಬಂದಾಗ ಮುಖ ಕೆಂಪಾಗಿತ್ತು. ನನ್ನ ಪಕ್ಕ ಕುಳಿತು, “ಹೋತ ಆಯಿ. ಹಲ್ಲಿ ಅಂದ ಬಿಟ್ಟೆ” ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಉಳಿದವರೂ ಒಳಗೆ ಹೋಗಿ ಬಂದರು. ಎಲ್ಲ ಮುಗಿದ ಮೇಲೆ ಪ್ರಿನ್ಸಿಪಾಲರು ಹೊರಗೆ ಬಂದು ನಮ್ಮ ಮುಂದೆಯೇ ನಿಂತರು.

“ಇಕಿ ಆಯಿ ನೀವೇನ್ರಿ?”

“ಹೌದ್ರಿ.”

“ಅದಕ್ಕ ಹಲ್ಲಿ ಅಂತ ಹೆಸರಿಟ್ಟವರೂ ನೀವ?”

ಸುಳ್ಳು ಹೇಳಿ ಏನು ಮಾಡುವುದು. “ನಾನರಿ. ಆ ತಪ್ಪು ಕೂಸಿಂದಲ್ಲರಿ” ಎಂದೆ.

“ತಪ್ಪು ಇರಲಿ. ಸೋಮವಾರದಿಂದ ಕಳಸ್ರಿ ಇಕಿನ್ನ” ಎಂದರು.

ಒಳಗೆ ಏನಾಯಿತೆಂಬುದು ನನಗೆ ಗೊತ್ತಾದದ್ದು ಬಸ್ಸಿನಲ್ಲಿ. ಮೇಜಿನ ಮೇಲೆ ಒಂದು ಭರಣಿ, ಒಂದು ಸೂಕ್ಷ್ಮದರ್ಶಕ ಇಟ್ಟು, ತಮ್ಮನ್ನು ಮೊದಲ ವರ್ಷದ ವಿದ್ಯಾರ್ಥಿಗಳು ಎಂದುಕೊಂಡು ಈ ಎರಡನ್ನೂ ಹೋಲಿಸಿ ತೋರಿಸು ಎಂದರಂತೆ. ಭರಣಿ ಎತ್ತಿದ ಕೂಡಲೇ ಇವಳ ಬಾಯಿಂದ ಬಂದದ್ದು, ಇದು ಬಾಸಿಂಗದ ಹಲ್ಲಿ. ಸರ್ ನಕ್ಕು, ಹಲ್ಲಿಯೇನಮ್ಮ ಇದು ಎಂದರಂತೆ. ಬೇರೆ ದಿನವಾಗಿದ್ದರೆ ಅಲ್ಲೇ ಬಾಯಿ ಒಣಗುತ್ತಿತ್ತು. ನಿನ್ನೆ ಏನಾಯಿತೋ, ನಮ್ಮ ಹುಡುಗಿ ಭರಣಿ ಕೆಳಗಿಡಲಿಲ್ಲ.

“ತಪ್ಪಾತ್ರಿ ಸರ್, ನಮ್ಮ ಆಯಿ ಹಂಗ ಕರೀತಾಳ. ಮೊದಲನೇ ವರ್ಷದ ಹುಡುಗರೂ ಹಂಗ ಅಂತಾರ. ಅದಕ್ಕ ನಾ ಅಲ್ಲಿಂದನ ಶುರು ಮಾಡ್ತೇನ್ರಿ. ಹಲ್ಲಿ ಮೈಮ್ಯಾಲೆ ಹುರುಪಿ ಇರ್ತಾವ, ಇದರ ಮೈ ನುಣುಪೈತಿ. ಇದು ಕಪ್ಪಿ ಬಳಗದ್ದು” ಎಂದಳಂತೆ. ಆಮೇಲೆ ಮಾತು ತಾನಾಗಿ ಹರಿಯಿತು. ಒಂದಕ್ಕೆ ಎಲುಬು, ರಕ್ತ, ಕಿವಿರು ಎಲ್ಲ ಇವೆ, ಇನ್ನೊಂದಕ್ಕೆ ಇವು ಯಾವುವೂ ಇಲ್ಲ, ಸಣ್ಣ ಸಣ್ಣ ಕೋಶಗಳು ಕೂಡಿ ಒಂದು ಉಂಡಿ. ಒಂದು ಹುಳಗಳನ್ನು ಹಿಡಿದು ತಿನ್ನುತ್ತದೆ, ಇನ್ನೊಂದು ಬಿಸಿಲಿನಿಂದ ಬದುಕುತ್ತದೆ. ಒಂದು ಕಳೆದುಕೊಂಡ ಕಾಲನ್ನು ಮತ್ತೆ ಬೆಳೆಸಿಕೊಳ್ಳುತ್ತದೆ, ಇನ್ನೊಂದು ಮಕ್ಕಳಿಗಾಗಿ ತಾನೇ ಒಡೆಯುತ್ತದೆ. ಎರಡೂ ನೀರು ಬಿಟ್ಟು ಬರುವುದಿಲ್ಲ. ಕೊನೆಗೆ ಅವಳು ಹೇಳಿದ್ದನ್ನು ನಾನು ಬಸ್ಸಿನಲ್ಲಿ ಎರಡು ಸಲ ಹೇಳಿಸಿಕೊಂಡು ಕೇಳಿದೆ.

“ಒಂದು ಮುಪ್ಪಾದ್ರೂ ಕೂಸ ಆಗಿರ್ತೈತ್ರಿ. ಇನ್ನೊಂದು ಕೂಸಿದ್ದಾಗನ ಆಯಿ ಆಗಿರ್ತೈತಿ.”

ಈ ಮಾತು ನಾನು ಕಲಿಸಿದ್ದಲ್ಲ, ಯಾವ ಪುಸ್ತಕದ್ದೂ ಅಲ್ಲ. ಅವಳದೇ.

ಆಗ ಸಸ್ಯಶಾಸ್ತ್ರದ ಬಾಯಾರು ಪಕ್ಕದ ಸರ್ ಕಡೆಗೊಮ್ಮೆ ನೋಡಿ, ಈ ವಾಲ್ವಾಕ್ಸ್ ಸ್ಲೈಡನ್ನು ಯಾರ ಕಪಾಟಿನಲ್ಲಿ ಇಡುತ್ತೀ ಎಂದು ಕೇಳಿದರಂತೆ. ಅಲ್ಲಿಯೂ ಅದೇ ಬದುವಿನ ಜಗಳ ಇದೆ ನೋಡಿ. ಇವಳು ಗೋಡೆಯ ಮೇಲಿದ್ದ ವೇಳಾಪಟ್ಟಿಯ ಕಡೆ ತಿರುಗಿ, “ಸೋಮವಾರ ಗಿಡರಿ, ಗುರುವಾರ ಪ್ರಾಣಿ. ಅವತ್ತು ಯಾರ ಪ್ರ್ಯಾಕ್ಟಿಕಲ್ ಇರ್ತೈತಿ ಅವರದು” ಎಂದಳಂತೆ. ನಾನು ಹೊರಗೆ ಕೇಳಿದ ಎರಡನೆಯ ನಗು ಇದರದ್ದು.

ಮನೆ ಮುಟ್ಟುವುದರೊಳಗೆ ಸೊಸೆ ಮಹಾದೇವಿ ಮಾದಲಿಗೆ ಗೋಧಿ ಹಿಟ್ಟು ಕಲಸಿ ದಪ್ಪ ರೊಟ್ಟಿ ಬೇಯಿಸಿದ್ದಳು. ನಾನು ರೊಟ್ಟಿ ಪುಡಿ ಮಾಡಿ ಬೆಲ್ಲ ಕುಟ್ಟಿದೆ, ಗಸಗಸೆ, ಏಲಕ್ಕಿ, ಪುಟಾಣಿ ಬೆರೆಸಿದೆ. ಫೋನ್ ಮಾಡಿದ್ದೇ ತಡ, ನಾಲತವಾಡದಿಂದ ಕಸ್ತೂರಿ, ಅಳಿಯ, ಅವರ ಮಕ್ಕಳು ಎಲ್ಲ ಬಂದಿಳಿದರು. ಬಸು ಟೆಂಪೊ ನಿಲ್ಲಿಸಿ ಒಳಗೆ ಬಂದವನು ಮಗಳ ಮುಖ ನೋಡಿ ಕೈಕಾಲು ತೊಳೆಯಲು ಹೋದ. ತೊಳೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು. ಬಂದಾಗ ಕಣ್ಣೂ ತೊಳೆದುಕೊಂಡಿದ್ದ.

ಎಲ್ಲರೂ ಪಡಸಾಲೆಯಲ್ಲಿ ಒಂದೇ ಸಾಲಿಗೆ ಕುಳಿತೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು, ನಡುವೆ ಪರಾತದ ತುಂಬ ಮಾದಲಿ. ಮಹಾದೇವಿಯನ್ನೂ ಕೈ ಹಿಡಿದು ಕೂಡಿಸಿದೆ, ಆಮೇಲೆ ಬಡಿಸುತ್ತೇನೆ ಎಂದರೆ ಬಿಡಲಿಲ್ಲ. ಬಸು ಮಗಳ ತಾಟಿನಲ್ಲಿ ಮಾದಲಿ ಗುಡ್ಡೆ ಹಾಕಿ, ನಡುವೆ ಕುಳಿ ಮಾಡಿ ತುಪ್ಪ ಸುರಿದ, ಸಾಕು ಸಾಕು ಎಂದರೂ ಸುರಿದ. ಅಳಿಯ ಅದನ್ನು ನೋಡಿ ಕಿಚಾಯಿಸಿದ. “ಹಂಗಾರ ನಮ್ಮ ಅಂಗಡಿಗೆ ಯಾವಾಗ ಬರ್ತಿ ಶಿವಲೀಲಾ? ನಾ ಕುರ್ಚಿ ಸುದ್ದಾ ತಂದಿಟ್ಟೇನಿ” ಎಂದ.

ಉತ್ತರ ಕೊಡಲು ಹೊರಟವನು ಬಸು. ಆದರೆ ಬಾಯಿ ತುಂಬ ಮಾದಲಿ. ಅದನ್ನು ತಿನ್ನುವಾಗ ಮಾತಾಡಿದರೆ ಎದುರಿನವರ ಮೈಮೇಲೆ ಹಿಟ್ಟು. ಒಂದು ಕೈ ಎತ್ತಿ, ತಡೆಯಿರಿ ಎಂದು ಸನ್ನೆ ಮಾಡಿ ಅಗಿದ, ಅಗಿದ, ನೀರು ಕುಡಿದ. ನಾವೆಲ್ಲ ತುತ್ತು ಹಿಡಿದು ಕಾಯುತ್ತಿದ್ದೆವು.

“ಬರ್ತಾಳ” ಎಂದ. “ಮೊದಲನೇ ಪಗಾರ ಆಗಲಿ. ಅವ್ವಗ, ಆಯಿಗ ಸೀರಿ ತಗೊಳ್ಳಾಕ ಬರ್ತಾಳ.”

ಮಹಾದೇವಿ ಪರಾತವನ್ನು ಮತ್ತೊಮ್ಮೆ ಸುತ್ತ ಸರಿಸಿದಳು. ಯಾರೂ ಬೇಡ ಎನ್ನಲಿಲ್ಲ.